ಗೋಡೆಗೆ ಕಣ್ಣು ಕೊಟ್ಟ ಹಸು

ಲೋಕದ ಮೊಟ್ಟಮೊದಲ ಮನೆ ಕಟ್ಟಿದವರು ನಮ್ಮ ವಂಶದವರು. ಊರಿಗೇ ಮೊದಲು ಅಂತಲ್ಲ, ಲೋಕಕ್ಕೇ ಮೊದಲು! ಸುಳ್ಳು ಅನ್ನುವವರು ಆಗ ಇದ್ದವರನ್ನು ಹೋಗಿ ಕೇಳಿಕೊಂಡು ಬರಲಿ, ನಾನು ಇಲ್ಲೇ ಜಗಲಿ ಮೇಲೆ ಕೂತಿರುತ್ತೇನೆ.

ಇದನ್ನೆಲ್ಲ ಹೇಳಬೇಕಾಗಿ ಬಂದದ್ದು ನನ್ನ ಮೊಮ್ಮಗಳು ದಾಕ್ಷಿಯಿಂದ. ಶಾಲೆಯ ಪುಸ್ತಕ ತೊಡೆ ಮೇಲಿಟ್ಟುಕೊಂಡು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. "ಕಿಟಕಿ, ಗವಾಕ್ಷಿ, ಬೆಳಕಿಂಡಿ, ವಾತಾಯನ..." ಆಮೇಲೆ ಪುಸ್ತಕ ಮಡಚಿ ಕೇಳಿದಳು:

"ತಾತ, ಗೋಡೆಯಲ್ಲಿರೋ ಒಂದು ತೂತಿಗೆ ಇಷ್ಟೊಂದು ಹೆಸರು ಯಾಕೆ?"

ನನಗೆ ಅಕ್ಷರ ಬರುವುದಿಲ್ಲ. ಆದರೆ ಇದು ನಮ್ಮ ಮನೆಯ ವಿಷಯ. ಹೇಳಿದೆ, ನೀವೂ ಕೇಳಿ.

ಆಗ ಲೋಕ ಇನ್ನೂ ಹಸಿಹಸಿ. ಬೆಟ್ಟದ ಮೇಲೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಹೊಳೆ ಯಾವ ಕಡೆ ಹರಿಯಲಿ ಅಂತ ತಿಳಿಯದೆ ಸುಮ್ಮನೆ ನಿಂತಿತ್ತು. ಆ ಕಾಲದಲ್ಲಿ ನಮ್ಮ ಮುತ್ತಜ್ಜನ ಮುತ್ತಜ್ಜ ಮಣ್ಣು ಕಲಸಿ ನಾಲ್ಕು ಗೋಡೆ ಎಬ್ಬಿಸಿದ. ಮೇಲೆ ಮಾಳಿಗೆ ಹಾಕಿದ. ಮುಂದೆ ಒಂದು ಬಾಗಿಲು ಇಟ್ಟ. ಕಿಟಕಿ ಇಡಲಿಲ್ಲ. ಯಾಕೆ ಇಡಬೇಕು? ಇಣುಕಿ ನೋಡೋಣ ಅಂದರೆ ಪಕ್ಕದ ಮನೆಯೇ ಇನ್ನೂ ಹುಟ್ಟಿರಲಿಲ್ಲ!

ಒಂದು ದಿನ ಮನೆಯವರೆಲ್ಲ ಹೊಲಕ್ಕೆ ಹೋದರು. ಒಳಗೆ ಒಲೆಯಲ್ಲಿ ಹಸಿ ಸೌದೆ ಹೊಗೆಯಾಡುತ್ತಿತ್ತು. ಮೂಲೆಯಲ್ಲಿ ಮೂರು ದಿನದ ಕರು ಕಟ್ಟಿದ್ದರು. ತಾಯಿ ಕೌಲೆ ಹಸು ಹೊರಗೆ ಮೇಯುತ್ತಿತ್ತು. ಅಷ್ಟರಲ್ಲಿ ದಡದಡ ಅಂತ ಒಂದು ಮಳೆ ಬಂದು ಹೋಯಿತು. ಬಾಗಿಲು ಹಸಿ ಮರದ್ದು ನೋಡಿ, ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು.

ಒಳಗಿನಿಂದ ಕರು ಕೂಗಿತು. "ಅಂಬಾ! ಉಸಿರು ಕಟ್ಟುತ್ತಿದೆ ಅವ್ವಾ!"

ಕೌಲೆ ಓಡಿ ಬಂದಿತು. "ಬಾಗಿಲೇ ಬಾಗಿಲೇ, ದಾರಿ ಬಿಡು."

"ಹೊಟ್ಟೆ ಉಬ್ಬರಿಸಿದೆ ತಾಯಿ, ಅಲುಗಾಡಲಾರೆ" ಅಂದಿತು ಬಾಗಿಲು.

"ಗೋಡೆಯೇ ಗೋಡೆಯೇ, ನೀನಾದರೂ ದಾರಿ ಬಿಡು."

"ಎಲ್ಲಿಂದ ಬಿಡಲಿ?" ಅಂದಿತು ಗೋಡೆ. "ನನಗೆ ಬಾಯಿಲ್ಲ, ಕಣ್ಣಿಲ್ಲ."

"ಬಾಯಿಲ್ಲದೆ ಮಾತಾಡುತ್ತೀಯಲ್ಲ, ಭೇಷ್! ಕಣ್ಣು ನಾನು ಕೊಡುತ್ತೇನೆ, ತಗೋ" ಅಂತ ಕೌಲೆ ಕೊಂಬಿನಿಂದ ಒಂದು ತಿವಿತ ತಿವಿಯಿತು. ಒದ್ದೆ ಮಣ್ಣು ಕುಸಿದು ಹಸುವಿನ ಕಣ್ಣಿನಷ್ಟೇ ಅಗಲದ ತೂತು ಬಿತ್ತು. ಗವಾಕ್ಷಿ ಅಂದರೆ ಅದೇ ಮಗಳೇ, ಹಸುವಿನ ಕಣ್ಣು. ನಿಮ್ಮ ಮೇಷ್ಟ್ರನ್ನೇ ಕೇಳು ಬೇಕಾದರೆ.

ಕೌಲೆ ತೂತಿಗೆ ಕಣ್ಣಿಟ್ಟು ನೋಡಿತು. ಕತ್ತಲೆ. ಕರುವಿನ ದನಿ ಮಾತ್ರ ಸಣ್ಣದಾಗುತ್ತಿತ್ತು.

"ಕಣ್ಣು ತೆಗೆಯೇ!" ಅಂತ ಹಿಂದಿನಿಂದ ಗಾಳಿ ಕೂಗಿತು. "ನೀನು ಅಡ್ಡ ನಿಂತರೆ ನಾನು ಹೋಗುವುದು ಹೇಗೆ?"

ಮಗು ಒಳಗಿರುವಾಗ ಯಾವ ತಾಯಿ ಕಣ್ಣು ತೆಗೆದಾಳು? ಆದರೂ ಕೌಲೆ ತೆಗೆಯಿತು. ಒಂದು ಹೆಜ್ಜೆ ಹಿಂದೆ ಸರಿಯಿತು.

ಗಾಳಿ ನುಗ್ಗಿತು. ಅದೇ ಗಳಿಗೆಯಲ್ಲಿ ಮೋಡ ಸರಿಸಿಕೊಂಡು ಬಿಸಿಲೂ ನುಗ್ಗಿತು. ಎರಡೂ ತೂತಿನಲ್ಲಿ ಸಿಕ್ಕಿಕೊಂಡವು.

"ನಾನು ಮೊದಲು! ಇದು ಗಾಳಿಯ ದಾರಿ, ವಾತಾಯನ!"

"ಹೋಗೋ ಗಾಳಿ! ಇದು ಬೆಳಕಿನ ಕಿಂಡಿ, ಬೆಳಕಿಂಡಿ! ನಾನು ಮೊದಲು!"

ಒಳಗೆ ಕರುವಿನ ಕೂಗು ನಿಂತೇ ಹೋಯಿತು.

ಕೌಲೆ ನೆಲಕ್ಕೆ ಗೊರಸು ಅಪ್ಪಳಿಸಿತು. "ಹೆಸರು ಆಮೇಲೆ ಇಟ್ಟುಕೊಳ್ಳಿರೋ! ನನ್ನ ಮಗು ಸಾಯುತ್ತಿದೆ!"

ಬಿಸಿಲಿಗೆ ನಾಚಿಕೆಯಾಯಿತು. ಮೈ ಸಣ್ಣ ಮಾಡಿಕೊಂಡು ಕೋಲಿನ ಹಾಗೆ ಓರೆಯಾಗಿ ಮಲಗಿತು. "ಗಾಳಿಯಣ್ಣ, ನನ್ನ ಬೆನ್ನ ಮೇಲೆ ನಡೆದು ಹೋಗು" ಅಂದಿತು. ಗಾಳಿ ಆ ಬೆಳಕಿನ ಕೋಲಿನ ಮೇಲೆ ಕುಣಿಯುತ್ತಾ ಇಳಿದು ಹೊಗೆಯ ಜುಟ್ಟು ಹಿಡಿದು ಹೊರಗೆಳೆಯಿತು.

ಕೌಲೆ ಮತ್ತೆ ಕಣ್ಣಿಟ್ಟಿತು. ಬಿಸಿಲಿನ ತುದಿಯಲ್ಲಿ ಕರು ಬಿದ್ದಿತ್ತು. ಒಂದು ಕಿವಿ ಅಲ್ಲಾಡಿತು. ಆಮೇಲೆ ಇನ್ನೊಂದು. ಆಮೇಲೆ ಕರು ಆಕ್ಷೀ ಅಂತ ಸೀನಿ, ನಡುಗುವ ಕಾಲ ಮೇಲೆ ಎದ್ದು ನಿಂತು, "ಅವ್ವಾ, ಹಸಿವು" ಅಂದಿತು.

ಸಂಜೆ ಮುತ್ತಜ್ಜ ಬಂದು ಬಾಗಿಲು ಒದ್ದು ತೆಗೆದ. ಗೋಡೆಯ ತೂತನ್ನು ಮುಚ್ಚಲಿಲ್ಲ. ಅಗಲ ಮಾಡಿ, ಮಳೆಗೆಂದು ಎರಡು ಹಲಗೆಯ ಕದ ಕಟ್ಟಿದ. ಬಿಸಿಲು ಮಾತು ಮುಗಿಸಿ ಸುಮ್ಮನಾಯಿತು. ಗಾಳಿಗೆ ಮಾತ್ರ ಇವತ್ತಿಗೂ ಸಮಾಧಾನವಿಲ್ಲ. ಬಂದು ಬಂದು ಕದ ಬಡಿಯುತ್ತದೆ: ಕಿಟ ಕಿಟ, ನಾನೇ ಮೊದಲು! ಕಿಟ ಕಿಟ, ನಾನೇ ಮೊದಲು! ಅದನ್ನು ಕೇಳಿ ಕೇಳಿ ನಮ್ಮ ಮುತ್ತಜ್ಜಿ ಕಿಟಕಿ ಅಂತ ಕರೆದಳು. ನಮ್ಮ ಮನೆಯಿಂದಲೇ ಆ ಹೆಸರು ಊರೆಲ್ಲ ಹರಡಿದ್ದು.

ಅದಕ್ಕೇ ಮಗಳೇ, ಇವತ್ತಿಗೂ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಕೋಲಿನ ಹಾಗೆ ಓರೆಯಾಗಿಯೇ ಇಳಿಯುತ್ತದೆ, ಅದರ ಬೆನ್ನ ಮೇಲೆ ಗಾಳಿಯ ಕಾಲಿನ ದೂಳು ಮಿಣಮಿಣ ಕುಣಿಯುತ್ತದೆ.

ದಾಕ್ಷಿ ಕಚ್ಚುತ್ತಿದ್ದ ಪೆನ್ಸಿಲ್ ಬಾಯಿಂದ ತೆಗೆದಳು.

"ತಾತ, ಮನೆಯವರೆಲ್ಲ ಹೊಲಕ್ಕೆ ಹೋಗಿದ್ರು ಅಂದೆ."

"ಹೌದು, ಹೋಗಿದ್ದರು."

"ಬಾಗಿಲು ಬೇರೆ ಕಚ್ಚಿಕೊಂಡಿತ್ತು. ಪಕ್ಕದ ಮನೇನೂ ಇರಲಿಲ್ಲ. ಮತ್ತೆ ಒಳಗೆ ನಡೆದದ್ದನ್ನೆಲ್ಲ ನೋಡಿದವರು ಯಾರು?"

ನಾನು ಹೆಗಲ ಮೇಲಿನ ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡೆ.

"ನೋಡೋಕೆ ಕಿಟಕಿ ಇತ್ತಲ್ಲೇ!"