ನೂರರಲ್ಲಿ ಆರು

"ಯಾವುದನ್ನೂ ಮುಟ್ಟದ, ಯಾವ ಉಪಕರಣಕ್ಕೂ ಸಿಗದ ಕಣವೊಂದನ್ನು ಹುಡುಕುತ್ತ ಆಯುಷ್ಯ ಸವೆಸುವುದು ಹುಚ್ಚುತನವಲ್ಲವೇ?" ಎಂದು ಗಂಗಾಂಬಿಕೆ ತನ್ನ ಗುರು ನಂಜುಂಡಾರಾಧ್ಯರನ್ನು ಕೇಳಿದಳು. ಅವಳು ಸಂಶೋಧನೆಗೆ ವಿಷಯ ಆರಿಸಿಕೊಳ್ಳಬೇಕಾಗಿದ್ದ ದಿನ ಅದು. ಗುರುಗಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಬ್ಬಳು ವಿಜ್ಞಾನಿ ಇದ್ದಳು. ಅಣುಸ್ಥಾವರವೊಂದರ ಪಕ್ಕದಲ್ಲಿ, ನೆಲದಡಿಯ ಕೋಣೆಯಲ್ಲಿ ಅವಳ ಕೆಲಸ. ಸ್ಥಾವರದ ಒಡಲಿನಿಂದ ನ್ಯೂಟ್ರಿನೊ ಎಂಬ ಕಣಗಳು ಎಡೆಬಿಡದೆ ಹೊರಡುತ್ತವೆ. ಗೋಡೆ, ಬಂಡೆ, ಮನುಷ್ಯರು ಯಾವುದೂ ಇಲ್ಲವೇ ಇಲ್ಲವೆಂಬಂತೆ ದಾಟಿ ಹೋಗುತ್ತವೆ. ಲಕ್ಷ ಕೋಟಿಗಳಲ್ಲಿ ಎಲ್ಲೋ ಒಂದು ಅವಳ ತೊಟ್ಟಿಯ ದ್ರವಕ್ಕೆ ತಾಗಿ, ಕ್ಷಣಕಾಲ ಬೆಳಕು ಮಿಣುಕುತ್ತದೆ. ಆ ಮಿಣುಕುಗಳನ್ನು ಎಣಿಸುವುದೇ ಅವಳ ಕಾಯಕ.

ಸ್ಥಾವರದ ಇಂಧನದ ಅಳತೆಯಿಂದ ಲೆಕ್ಕ ಹಾಕಿದರೆ ನೂರು ಮಿಣುಕು ಬರಬೇಕಿತ್ತು. ತೊಂಬತ್ತನಾಲ್ಕು ಬಂದವು. ಅವಳು ತೊಟ್ಟಿ ತೊಳೆಸಿದಳು, ದ್ರವ ಬದಲಿಸಿದಳು, ಮತ್ತೆ ಒಂದು ವರ್ಷ ಎಣಿಸಿದಳು. ತೊಂಬತ್ತನಾಲ್ಕೇ.

ನಮಗೆ ತಿಳಿದಂತೆ ನ್ಯೂಟ್ರಿನೊಗಳಲ್ಲಿ ಮೂರು ಬಗೆ. ಸಾಗುವ ದಾರಿಯಲ್ಲಿ ಒಂದು ಬಗೆ ಇನ್ನೊಂದಾಗಿ ಮಾರ್ಪಡುವುದುಂಟು. ಯಾವುದಕ್ಕೂ ತಾಗದ ನಾಲ್ಕನೆಯ ಬಗೆಯೊಂದಿದ್ದು, ಕಾಣೆಯಾದ ಆ ಆರು ಅದಾಗಿ ಮಾರ್ಪಟ್ಟಿದ್ದರೆ? ಹಾಗೆ ಅನ್ನಿಸಿದ ಗಳಿಗೆಯಲ್ಲಿ ಅವಳ ಮೈ ಜುಮ್ಮೆಂದಿತು. ಸೃಷ್ಟಿ ಶುರುವಾದಂದಿನಿಂದ ಯಾರ ಕಣ್ಣಿಗೂ ಬೀಳದ ಕಣವೊಂದು, ಈಗ ತನ್ನ ಎದೆಯನ್ನೇ ಹಾದು ಹೋಗುತ್ತಿರಬಹುದು. ಅವಳು ಅದನ್ನು ನಿರ್ಲಿಪ್ತ ಎಂದು ಕರೆದಳು. ಅವಳ ಬರಹ ಓದಿ ದೇಶ ದೇಶಗಳ ವಿದ್ವಾಂಸರು ತಲೆದೂಗಿದರು.

ಪರೀಕ್ಷೆ ಇನ್ನೂ ಬಾಕಿ ಇತ್ತು. ನಿರ್ಲಿಪ್ತ ಇರುವುದಾದರೆ, ಸ್ಥಾವರದಿಂದ ದೂರ ಬದಲಾದಂತೆ ಕೊರತೆಯೂ ಏರಿಳಿಯಬೇಕು. ಅವಳು ತೊಟ್ಟಿಯನ್ನು ಹಳಿಯ ಮೇಲೆ ಕೂರಿಸಿ, ಗೇಣು ಗೇಣು ಸರಿಸುತ್ತ, ಒಂದೊಂದು ಜಾಗದಲ್ಲಿ ತಿಂಗಳುಗಟ್ಟಲೆ ಎಣಿಸಿದಳು. ತಲೆ ನರೆಯಿತು. ಕೊರತೆ ಮಾತ್ರ ಹತ್ತಿರದಲ್ಲೂ ಆರು, ದೂರದಲ್ಲೂ ಆರು.

ಜೊತೆಗಾರನೊಬ್ಬ ಮೆಲ್ಲಗೆ ಹೇಳಿದ: "ಕೊನೆಯ ಎರಡು ಜಾಗಗಳನ್ನು ಬಿಟ್ಟುಬಿಡಿ. ಉಳಿದವುಗಳಲ್ಲಿ ಸಣ್ಣ ಏರಿಳಿತ ಇದ್ದ ಹಾಗೆ ಕಾಣುತ್ತದೆ. ನಿಮ್ಮ ಹೆಸರು ಉಳಿಯುತ್ತದೆ."

"ಹೆಸರೇನೋ ನನ್ನದೇ," ಎಂದಳು ಅವಳು. "ಎಣಿಕೆ ನಾನು ಹುಟ್ಟಿಸಿಕೊಂಡದ್ದಲ್ಲವಲ್ಲ, ತಾನಾಗಿ ಬಂದದ್ದು."

ತಾನು ಹೇಳಿದ ಕಡೆ ನಿರ್ಲಿಪ್ತ ಇಲ್ಲ ಎಂದು ಅವಳೇ ಬರೆದು ಪ್ರಕಟಿಸಿದಳು. ಆ ಮಧ್ಯಾಹ್ನವೆಲ್ಲ ತೊಟ್ಟಿಗೆ ಬೆನ್ನು ಕೊಟ್ಟು ಕುಳಿತಿದ್ದಳಂತೆ. ಊಟಕ್ಕೆ ಕರೆದರೂ ಏಳಲಿಲ್ಲ.

ಮರುವರ್ಷ ಬೇರೆ ಕೆಲವರು ಸ್ಥಾವರದ ಇಂಧನವನ್ನು ಹೊಸದಾಗಿ ಅಳೆದರು. ಹಳೆಯ ಅಳತೆಯೇ ತಪ್ಪಿತ್ತು. ಬರಬೇಕಾದದ್ದು ನೂರಲ್ಲ, ತೊಂಬತ್ತೈದರ ಆಸುಪಾಸು. ಆರರ ಕತೆ ಮುಗಿಯಿತೆಂದು ಎಲ್ಲರೂ ಎದ್ದು ಹೋದರು.

ಆಗ ದೂರದ ಬೆಟ್ಟವೊಂದರ ಕೆಳಗೆ ಕೆಲಸ ಮಾಡುವವರಿಂದ ಅವಳಿಗೆ ಕಾಗದ ಬಂತು. ಅಲ್ಲಿ ಸ್ಥಾವರವಿರಲಿಲ್ಲ. ನ್ಯೂಟ್ರಿನೊ ಸೂಸುವ ಬೊಗಸೆಯಷ್ಟು ವಿಕಿರಣಶೀಲ ಲೋಹ, ಅದರ ಸುತ್ತ ಆ ಕಣಗಳನ್ನು ಹಿಡಿಯಲು ಕರಗಿಸಿದ ಗ್ಯಾಲಿಯಂ ದ್ರವ. ಲೋಹದಿಂದ ಎಷ್ಟು ಕಣ ಹೊರಡುತ್ತವೆಂಬುದನ್ನು ಅವರು ಹಲವು ಬಗೆಯಲ್ಲಿ ಅಳೆದು ಖಚಿತಪಡಿಸಿಕೊಂಡಿದ್ದರು. "ನೂರು ಬರಬೇಕಾದಲ್ಲಿ ಎಂಬತ್ತೇ ಬರುತ್ತಿವೆ. ಏಳು ಸಲ ನೋಡಿದೆವು. ಇಲ್ಲ ಎಂದು ಬರೆದವರು ನೀವು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇವೆ, ಉಳಿದ ಇಪ್ಪತ್ತು ಎಲ್ಲಿ?"

ಅವಳು ಎರಡು ಸಲ ಓದಿದಳು. ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಮರುದಿನ ಬೆಳಗ್ಗೆ ಕೋಲೂರಿಕೊಂಡು ಆ ಬೆಟ್ಟಕ್ಕೆ ಹೊರಟಳು.

ಗುರುಗಳು ಕತೆ ನಿಲ್ಲಿಸಿದರು. ಗಂಗಾಂಬಿಕೆಗೆ ತಡೆಯಲಾಗಲಿಲ್ಲ. "ಹಾಗಾದರೆ ನಿರ್ಲಿಪ್ತ ಇದೆಯೋ, ಇಲ್ಲವೋ?"

"ಗೊತ್ತಿಲ್ಲ ಮಗಳೇ, ಈ ‘ಗೊತ್ತಿಲ್ಲ’ವನ್ನು ಇಷ್ಟು ಶುದ್ಧ ಮಾಡಲು ಅವಳಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು."