ಹದಿಮೂರು ಬೀಜದ ಪಾಲು

ಬಹಳ ಹಿಂದೆ, ಯಾವ ವರ್ಷ ಎಂದು ಹೇಳುವವರಿಗೂ ಗೊತ್ತಿಲ್ಲದಷ್ಟು ಹಿಂದೆ, ಹಾಲಗುಂದಿ ಎಂಬ ಊರಿನಲ್ಲಿ ಚೆನ್ನಮಲ್ಲಯ್ಯ ಎಂಬ ಐಗಳು ಇದ್ದರಂತೆ. ಮಠದ ಪಡಸಾಲೆಯಲ್ಲಿ ಮಕ್ಕಳಿಗೆ ಓದು, ಲೆಕ್ಕ ಕಲಿಸುತ್ತಿದ್ದರಂತೆ. ಕಾಗೆಯ ಮುಖ ನೋಡಿ ಅದರ ವಯಸ್ಸು ಹೇಳುತ್ತಿದ್ದರಂತೆ. ಆನೆಯೊಂದು ಅವರ ಮುಂದೆ ಮಂಡಿಯೂರಿ, ನನಗಿನ್ನು ಎಷ್ಟು ವರ್ಷ ಎಂದು ಕೇಳಿತ್ತಂತೆ. ಹಾಲಗುಂದಿಗೆ ಆನೆ ಬಂದದ್ದನ್ನು ಕಂಡವರಿಲ್ಲ. ಕಾಗೆಯ ವಯಸ್ಸು ಸರಿಯಿತ್ತೇ ಎಂದು ಯಾರನ್ನು ಕೇಳಿ ನೋಡಿದರೋ, ಅದನ್ನೂ ಯಾರೂ ಹೇಳುವುದಿಲ್ಲ.

ನಂಬಬಹುದಾದದ್ದು ಇಷ್ಟು. ಮಕ್ಕಳು ಏಳೆಂಟ್ಲೆ ಐವತ್ತಾರು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದವು; ಐವತ್ತಾರು ಏನು ಎಂದು ಕೇಳಿದರೆ ಪಿಳಿಪಿಳಿ ನೋಡುತ್ತಿದ್ದವು. ಅದಕ್ಕೆ ಐಗಳು, ನಿಮ್ಮ ಕೇರಿಯಲ್ಲಿ ಸತ್ತ ದನ, ನಾಯಿ, ಕೋಳಿ ಎಷ್ಟೆಷ್ಟು ವರ್ಷ ಬದುಕಿದ್ದವು ಎಂದು ಕೇಳಿಕೊಂಡು ಬನ್ನಿ, ವರ್ಷಕ್ಕೊಂದು ಹುಣಸೆ ಬೀಜ ತನ್ನಿ ಎಂದರಂತೆ. ಸತ್ತ ಒಂದೊಂದು ಪ್ರಾಣಿಗೆ ನೆಲದ ಮೇಲೆ ಒಂದೊಂದು ಸಾಲು. ಯಾವುದು ಹೆಚ್ಚು ಬದುಕಿತು, ಯಾವುದು ಕಡಿಮೆ ಎಂದು ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಒಂದು ಜಾತಿಯ ಪ್ರಾಣಿಯ ಬೀಜವನ್ನೆಲ್ಲ ಗುಡ್ಡೆ ಹಾಕಿ, ಸತ್ತ ತಲೆಗಳಿಗೆ ಸಮನಾಗಿ ಹಂಚುವುದು. ತಲೆಗೆ ಬಂದಷ್ಟು ಆ ಜಾತಿಯ ಪಾಲು.

ಹುಂಜದ ಪಾಲಿಗೆ ಒಂದೇ ಬೀಜ ಬಂತು. ಇಷ್ಟು ಬೇಗ ಸಾಯಲು ಯಾವ ರೋಗ ಎಂದು ಐಗಳು ಕೇಳಿದರು.

"ರೋಗ ಅಲ್ರೀ, ಬೀಗರು," ಎಂದಿತು ಒಂದು ಮಗು. "ಬೀಗರು ಬಂದ ದಿನ ಸಾಯ್ತಾವ."

ಐಗಳು ನಕ್ಕರಂತೆ. ಸಂಖ್ಯೆ ಬಂದರೆ ಸಾಲದು, ಯಾವುದು ಹೇಗೆ ಸತ್ತಿತು ಎಂದೂ ಕೇಳಬೇಕು ಎಂದು ಮಕ್ಕಳಿಗೆ ಹೇಳಿದರಂತೆ. ಒಳ್ಳೆಯ ಮಾತು. ಹೇಳಿದವರೇ ಎಂಟು ದಿನದಲ್ಲಿ ಮರೆತರು.

ಎತ್ತಿನ ಲೆಕ್ಕ ಭರಮಪ್ಪನ ಮಗಳು ತಿರಕವ್ವನಿಗೆ ಬಿದ್ದಿತ್ತು. ಅಷ್ಟು ಚುರುಕಿನ ಹುಡುಗಿ ಆ ಮಠದಲ್ಲಿ ಇನ್ನೊಬ್ಬಳಿರಲಿಲ್ಲವಂತೆ. ಮನೆಮನೆ ಸುತ್ತಿ ಸತ್ತ ಒಂಬತ್ತು ಎತ್ತುಗಳ ವಯಸ್ಸು ತಂದಳು. ಎರಡು, ಮೂರು, ನಾಲ್ಕು. ಅಲ್ಲಿಂದ ಒಮ್ಮೆಗೇ ಹದಿನೈದು, ಹದಿನಾರು, ಹದಿನೆಂಟರವು ಎರಡು, ಇಪ್ಪತ್ತು, ಇಪ್ಪತ್ತೊಂದು. ಗುಡ್ಡೆಯಲ್ಲಿ ನೂರ ಹದಿನೇಳು ಬೀಜ. ಒಂಬತ್ತಕ್ಕೆ ಹಂಚಿದರೆ ಪಾಲು ಹದಿಮೂರು. ಶೇಷ ಏನೂ ಇಲ್ಲ.

"ಐಗಳs, ನಮ್ಮ ಬೂದ್ಯಾಗ ಹದಿಮೂರು ತುಂಬ್ಯಾವ," ಎಂದಳು ತಿರಕವ್ವ. "ಅವನ ಪಾಲು ತೀರಿತೇನ್ರೀ?"

ಬೂದ್ಯಾ ಅವರ ಮನೆಯ ಎತ್ತು. ಅವಳ ಕೈಯಿಂದಲ್ಲದೆ ಹಿಂಡಿ ಮುಟ್ಟುತ್ತಿರಲಿಲ್ಲ.

ಐಗಳ ಕಣ್ಣು ಬೀಜದ ಮೇಲಿತ್ತು. "ಲೆಕ್ಕ ಹಂಗ ಹೇಳ್ತದವ್ವ. ಭೇಷ್!" ಎಂದರು. ಭೇಷ್ ಎಂದದ್ದು ಭಾಗಾಕಾರಕ್ಕೆ.

ಎತ್ತಿಗೆ ಹಲ್ಲೆಲ್ಲ ಬಂದು ಬಾಯಿಗೂಡಿದ ಮೇಲೆ ದಲ್ಲಾಳಿಗೂ ವಯಸ್ಸು ತಿಳಿಯುವುದಿಲ್ಲ. ಭರಮಪ್ಪನಿಗೆ ಅದು ಗೊತ್ತಿತ್ತು. ಐಗಳ ಲೆಕ್ಕ ಸುಳ್ಳಾಗುವುದಿಲ್ಲ ಎಂಬುದೂ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಸಾಯುವ ಮುಂಚೆ ಸಂತೆಗೆ ಹೊಡೆದರಾಯಿತು ಎಂದು, ಮಗಳು ಮಠಕ್ಕೆ ಹೋದ ಹೊತ್ತಿನಲ್ಲಿ ಬೂದ್ಯಾನ ಹಗ್ಗ ಬಿಚ್ಚಿದ.

ಸುದ್ದಿ ಕೇಳಿದ ತಿರಕವ್ವ, "ನಾನs ಹೇಳಿದೆ ಅಪ್ಪಗ, ನಾನs ಹೇಳಿದೆ," ಎಂದು ಅತ್ತಳಂತೆ. ಐಗಳು ಬೀಜವನ್ನು ಮತ್ತೆ ಸಾಲಿಗೆ ಹಾಕಿಸಿ, ಯಾವುದು ಹೇಗೆ ಸತ್ತಿತು ಎಂದು ಆಗ ಕೇಳಿದರು. ಎರಡು ವರ್ಷದ್ದು ಬಾವಿಗೆ ಬಿದ್ದದ್ದು. ಮೂರರದ್ದಕ್ಕೆ ಹಾವು ಕಚ್ಚಿತ್ತು. ನಾಲ್ಕರದ್ದಕ್ಕೆ ಜಡ್ಡು. ಬೂದ್ಯಾ ಆ ಮೂರನ್ನೂ ಎಂದೋ ದಾಟಿ ಬಂದವನು. ಅವನೇಕೆ ಅವುಗಳ ಜೊತೆ ಪಾಲಿಗೆ ಕೂರಬೇಕು? ಮೂರು ಸಾಲನ್ನು ಕೈಯಿಂದ ಆಚೆ ಸರಿಸಿದರು. ಉಳಿದದ್ದು ಆರು ಎತ್ತು, ನೂರ ಎಂಟು ಬೀಜ. ಪಾಲು ಹದಿನೆಂಟು. ಇನ್ನೂ ಐದು ವರ್ಷ.

ಐಗಳು ಬರಿಗಾಲಲ್ಲಿ ಸಂತೆಗೆ ಓಡಿದರಂತೆ. ನೆಲಕ್ಕೆ ಕಾಲು ಸೋಕಲಿಲ್ಲವಂತೆ. ಸೋಕದಿದ್ದರೂ ತಡವಾಯಿತು. ಹಳ್ಳದಾಚೆಯ ಊರಿನ ಒಕ್ಕಲಿಗನೊಬ್ಬ ಬೂದ್ಯಾನನ್ನು ಹಿಡಿದುಕೊಂಡು ಹೊರಟಿದ್ದ. ಲೆಕ್ಕ ತಪ್ಪಾಯಿತು, ಎತ್ತು ಬಿಟ್ಟುಕೊಡು ಎಂದು ಬೇಡಿದರು.

"ನಿಮ್ಮ ಲೆಕ್ಕಕ್ಕ ಸತ್ತೈತಿ, ನನಗ ಬದುಕೈತಿ," ಎಂದನಂತೆ ಅವನು. "ಹಾದಿ ಬಿಡ್ರೀ ಐಗಳs."

ತಿರಕವ್ವ ಮಠಕ್ಕೆ ಬರುವುದನ್ನು ಬಿಟ್ಟಳು. ಐಗಳು ವರ್ಷಕ್ಕೊಮ್ಮೆ ಹಳ್ಳ ದಾಟಿ, ಬೂದ್ಯಾನನ್ನು ನೋಡಿ ಬಂದು, ಅವಳ ಬಾಗಿಲಲ್ಲಿ ನಿಂತು, "ಹದಿನಾಲ್ಕು ಆತವ್ವ," ಎನ್ನುವರು. ಮರುವರ್ಷ ಹದಿನೈದು. ಅವಳಿಗೆ ಹಾಲಗುಂದಿಯಲ್ಲೇ ಮದುವೆಯಾಯಿತು. ಐಗಳು ನಿಲ್ಲುವ ಬಾಗಿಲು ಬದಲಾಯಿತು. ಹದಿನೆಂಟು ದಾಟಿತು. ಇಪ್ಪತ್ತು ದಾಟಿತು. ಬೂದ್ಯಾ ಗಳೆ ಎಳೆಯುತ್ತಲೇ ಇದ್ದ, ಬೇರೆಯವರ ಹೊಲದಲ್ಲಿ.

ಇಪ್ಪತ್ತಮೂರಕ್ಕೆ ಸತ್ತ. ಅಂದು ತಿರಕವ್ವ ಮಠಕ್ಕೆ ಬಂದಳಂತೆ, ಕಂಕುಳಲ್ಲಿ ಕೂಸು.

"ಹಾಕ್ರೀ ಅವನ ಬೀಜ," ಎಂದಳು.

ಹಳೆಯ ಒಂಬತ್ತರ ಗುಡ್ಡೆಗೆ ಐಗಳು ಇಪ್ಪತ್ತಮೂರು ಬೀಜ ಸುರಿದರು. ನೂರ ನಲವತ್ತು. ಹತ್ತಕ್ಕೆ ಹಂಚಿದರು. ಹದಿನಾಲ್ಕು.

"ಹತ್ತು ವರ್ಷ ಹೆಚ್ಚಿಗಿ ಬದುಕಿದನಲ್ರೀ. ಏರಿದ್ದು ಒಂದs ಬೀಜ?"

"ಒಂದೇ ಅವ್ವ."

"ಉಳಿದ ಒಂಬತ್ತು?"

"ಎಲ್ಲರಿಗೂ ಹಂಚಿ ಹೋದವು."

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಎದ್ದುಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಐಗಳು ಸಾಯುವವರೆಗೂ ಹೇಳುತ್ತಿದ್ದರಂತೆ. ದಾಟಿ ಬಂದವರನ್ನು ದಾಟದವರ ಜೊತೆ ಹಂಚಬೇಡಿ, ಮೊದಲು ದಾಟದವರ ಸಾಲುಗಳನ್ನು ಸರಿಸಿ, ಆಮೇಲೆ ಪಾಲು ಮಾಡಿ ಎಂದು ಮುಂದಿನ ಪ್ರತಿ ಮಗುವಿಗೂ ಕಲಿಸಿದರಂತೆ. ಆ ಎರಡನೆಯ ಲೆಕ್ಕ ಇವತ್ತು ಊರಿನಲ್ಲಿ ಒಬ್ಬರಿಗೂ ಬರುವುದಿಲ್ಲ. ಆನೆ ಮಂಡಿಯೂರಿದ್ದು ಮಾತ್ರ ಎಲ್ಲರಿಗೂ ಗೊತ್ತು.

ಈಗಲೂ ಹಾಲಗುಂದಿಯಲ್ಲಿ ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಚೆನ್ನಮಲ್ಲಯ್ಯ ಐಗಳ ಹೆಸರಿನಲ್ಲಿ ಒಂದು ಕಾಯಿ ಒಡೆಯುತ್ತಾರೆ. ಅಂದು ಅಂಗಡಿಯಲ್ಲಿ ತಕ್ಕಡಿ ಎತ್ತುವುದಿಲ್ಲ, ಶಾಲೆಯಲ್ಲಿ ಮಗ್ಗಿ ಹೇಳಿಸುವುದಿಲ್ಲ, ಯಾರ ವಯಸ್ಸನ್ನೂ ಯಾರೂ ಕೇಳುವುದಿಲ್ಲ. ಐಗಳು ಕೇಳಿಕೊಂಡದ್ದು ಇನ್ನೂ ಒಂದೇ ಒಂದು ಲೆಕ್ಕ ಮಾಡಿ ಎಂದು. ಊರು ಅವರ ನೆನಪಿಗೆ ಲೆಕ್ಕವನ್ನೇ ಬಿಟ್ಟಿದೆ, ವರ್ಷಕ್ಕೊಂದು ದಿನ, ಬಹಳ ಭಕ್ತಿಯಿಂದ.