ಹವಳದ ತೊಟ್ಟಿಗೆ ಸುರಿದ ಸೋಡಾ

"ಗುರುಗಳೇ, ತಪ್ಪಾಗಿದೆ ಎಂದು ಗೊತ್ತಾದ ಮೇಲೆ ಯಾರ ಕಣ್ಣಿಗೂ ಬೀಳುವ ಮೊದಲೇ ಅದನ್ನು ಸರಿಮಾಡಿಬಿಡುವುದು ಒಳ್ಳೆಯದಲ್ಲವೇ?" ಎಂದು ಶಿಷ್ಯ ಪರ್ವತಯ್ಯ ಕೇಳಿದ.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. "ಒಳ್ಳೆಯದಂತೆ. ಕೂತುಕೋ, ಹೇಳುತ್ತೇನೆ," ಎಂದರು.

"ಒಬ್ಬ ಉಪ್ಪಿನಕಾಯಿ ವ್ಯಾಪಾರಿಯಿದ್ದ. ಅವನ ಮಗಳು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕಿದ್ದಳು. ಬೆರಳುದ್ದದ ತುಂಡುಗಳನ್ನು ತಂದು ವರ್ಷಗಟ್ಟಲೆ ಬೆಳೆಸಿದ್ದಳು. ಹವಳ ಮೈಕಟ್ಟಲು ನೀರಿನ ಕ್ಷಾರವನ್ನು ಹೀರುತ್ತದೆ. ಹೀರಿದಷ್ಟನ್ನು ನಾವು ತುಂಬುತ್ತಿರಬೇಕು. ಅಜ್ಜಿಯ ಆರೈಕೆಗೆಂದು ಊರಿಗೆ ಹೊರಟಾಗ ಅವಳು ಅಪ್ಪನಿಗೆ ಕಲಿಸಿಕೊಟ್ಟಳು. ದಿನಾ ಒಂದಿಷ್ಟು ಅಡುಗೆ ಸೋಡಾವನ್ನು ಶುದ್ಧ ನೀರಿನಲ್ಲಿ ಕರಗಿಸಿ, ತೊಟ್ಟಿಗೆ ನಿಧಾನವಾಗಿ ಹನಿಸಬೇಕು. ಅಷ್ಟೇ ಕೆಲಸ.

"ಆ ಮಹಾನುಭಾವ ಮರೆತ. ಮಗಳು ನಾಳೆ ಬರುತ್ತಾಳೆ ಎನ್ನುವಾಗ ನೆನಪಾಯಿತು. ಮಗಳು ಇಟ್ಟುಹೋಗಿದ್ದ ಪರೀಕ್ಷೆಯ ಮದ್ದನ್ನು ತೊಟ್ಟಿಯ ನೀರಿನ ಮಾದರಿಗೆ ಹನಿಸಿ ಕ್ಷಾರ ಅಳೆದು ನೋಡಿದ. ಕ್ಷಾರ ತೀರಾ ಇಳಿದಿತ್ತು. ಹವಳಗಳ ಬಣ್ಣ ಕುಂದಿತ್ತು, ಆದರೆ ಜೀವ ಇತ್ತು. ಕೇಳಿಸಿಕೊಂಡೆಯಾ, ಜೀವ ಇತ್ತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ, ಅಳೆದು ನೋಡುತ್ತ ಹೋಗಿದ್ದರೆ ಉಳಿಯುತ್ತಿದ್ದವು. ಇವನೋ, ಜಾಡಿಯಲ್ಲಿ ಉಪ್ಪು ಕಡಿಮೆಯಾದರೆ ಒಂದು ಬೊಗಸೆ ಸುರಿದು ಕಲಸಿ ಅಭ್ಯಾಸವಾದವನು. ತಪ್ಪಿಹೋದ ದಿನಗಳ ಸೋಡಾವನ್ನೆಲ್ಲ ಒಟ್ಟಿಗೇ ಸುರಿದುಬಿಟ್ಟ. ನೀರು ಸುಣ್ಣ ಕದಡಿದ ಹಾಗೆ ಬೆಳ್ಳಗಾಯಿತು. ಬೆಳಿಗ್ಗೆ ನೀರು ತಿಳಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಹವಳಗಳ ಮಾಂಸ ಕಿತ್ತುಹೋಗಿ ಬರೀ ಬಿಳಿ ಮೂಳೆ ನಿಂತಿತ್ತು.

"ಮಗಳು ಬಂದು ನೋಡಿದಳು. 'ನಿನ್ನೆ ಬದುಕಿದ್ದವಾ, ಅಪ್ಪಾಜಿ?' ಎಂದಳು.

"'ಬದುಕಿದ್ದವು. ನೀನು ಬೈತೀಯ ಅಂತ ಎಲ್ಲ ಸರಿಮಾಡೋಕೆ ಹೋದೆ ಕಣಮ್ಮ.'

"'ಬೈತಿದ್ದೆ. ಬೈದು ಸುಮ್ಮನಾಗ್ತಿದ್ದೆ,' ಎಂದಳು. ಆಮೇಲೆ ಅವನ ಜೊತೆ ಮಾತೇ ಬಿಟ್ಟಳು. ಬಿಡದೆ ಇನ್ನೇನು ಮಾಡಬೇಕು? ವರ್ಷಗಟ್ಟಲೆ ಸಾಕಿದ್ದನ್ನು ಒಂದು ಬೈಗುಳಕ್ಕೆ ಹೆದರಿ ಕೊಂದವನು ಅವನು."

ಗುರುಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಪರ್ವತಯ್ಯ ಅಳುಕುತ್ತಲೇ ಕೇಳಿದ.

"ಹಾಗಾದರೆ ಅವನು ಮೊದಲ ದಿನ ಎಷ್ಟು ಸೋಡಾ ಹಾಕಬೇಕಿತ್ತು?"

"ಮೊದಲು ಮಗಳಿಗೆ ಫೋನು ಮಾಡಬೇಕಿತ್ತು," ಎಂದರು ಗುರುಗಳು.